ಹೈಬ್ರಿಡ್ ಕಾರಿನ ಎಂಜಿನ್ ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ

ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟಾರ್ ಎರಡೂ ಇರುವ ಹೈಬ್ರಿಡ್ ಕಾರು ಎಂದ ಕೂಡಲೇ ಬಹಳ ಜನರ ಮನಸ್ಸಿಗೆ ಬರುವುದು ಒಂದು ಸ್ವಿಚ್ಚು. ಈ ಕಡೆ ತಿರುಗಿಸಿದರೆ ಮೋಟಾರ್, ಆ ಕಡೆ ತಿರುಗಿಸಿದರೆ ಎಂಜಿನ್. ಡ್ಯಾಶ್‌ಬೋರ್ಡಿನಲ್ಲಿ ಬರೀ ಮೋಟಾರ್ ಮೇಲೆ ಓಡುತ್ತಿದೆ ಎನ್ನುವ ಹಸಿರು 'ಇವಿ' ದೀಪ ಹತ್ತಿ ಆರುವುದನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಈ ಕಲ್ಪನೆ ಇಟ್ಟುಕೊಂಡು ಹೊರಟರೆ ಮುಂದೆ ಒಂದೂ ಅರ್ಥವಾಗುವುದಿಲ್ಲ. ಕಾಲು ತೆಗೆದರೂ ಎಂಜಿನ್ ಯಾಕೆ ಗುರ್ ಎನ್ನುತ್ತಿದೆ, ಬ್ಯಾಟರಿ ತುಂಬಿದ್ದರೂ ಎಂಜಿನ್ ಯಾಕೆ ಎದ್ದಿತು, ರಿವರ್ಸ್‌ನಲ್ಲಿ ಏರು ಹತ್ತಲು ಯಾಕೆ ತಿಣುಕುತ್ತಿದೆ, ಇಂಥ ಯಾವ ಪ್ರಶ್ನೆಗೂ ಸ್ವಿಚ್ಚಿನಲ್ಲಿ ಉತ್ತರವಿಲ್ಲ.

ಅದರ ಬದಲು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಎಂಜಿನ್ ತಿರುಗುತ್ತಿದೆಯೇ? ಅದರೊಳಗೆ ಪೆಟ್ರೋಲ್ ಉರಿಯುತ್ತಿದೆಯೇ? ಅದರ ಬಲ ಚಕ್ರಕ್ಕೆ ಹೋಗುತ್ತಿದೆಯೇ? ಸಾಮಾನ್ಯ ಕಾರಿನಲ್ಲಿ ಈ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯುತ್ತವೆ. ಹೈಬ್ರಿಡ್‌ನಲ್ಲಿ ಒಂದೊಂದೂ ತನ್ನ ಪಾಡಿಗೆ ನಡೆಯಬಹುದು. ಉರಿಯದೆ ತಿರುಗಬಹುದು. ಉರಿದರೂ ಚಕ್ರಕ್ಕೆ ನೇರವಾಗಿ ಒಂದಿಷ್ಟೂ ಬಲ ಕೊಡದೆ ಇರಬಹುದು. ಹೈಬ್ರಿಡ್‌ನ ಎಲ್ಲ ಚಮತ್ಕಾರವೂ ಈ ಮೂರನ್ನು ಬಿಡಿಸಿಟ್ಟದ್ದರಲ್ಲಿದೆ.

ಮೊದಲು ಟೊಯೋಟಾದ ವ್ಯವಸ್ಥೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪ್ರಿಯಸ್‌ನಿಂದ ಇಂದಿನವರೆಗೂ ಮೂಲ ತತ್ವ ಅದೇ. ಒಂದು ಪ್ಲಾನೆಟರಿ ಗೇರ್, ಎರಡು ಮೋಟಾರ್. ನಡುವಿನ ಸನ್ ಗೇರಿಗೆ ಚಿಕ್ಕ ಮೋಟಾರ್-ಜನರೇಟರ್ ಎಂಜಿ1, ಪ್ಲಾನೆಟ್ ಗೇರ್‌ಗಳನ್ನು ಹೊತ್ತ ಕ್ಯಾರಿಯರ್‌ಗೆ ಎಂಜಿನ್, ಹೊರಗಿನ ರಿಂಗ್ ಗೇರಿಗೆ ದೊಡ್ಡ ಮೋಟಾರ್ ಎಂಜಿ2 ಮತ್ತು ಚಕ್ರಗಳು. ಎಂಜಿನ್‌ಗೂ ಚಕ್ರಕ್ಕೂ ನಡುವೆ ಕ್ಲಚ್ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ರಿವರ್ಸ್ ಗೇರೂ ಇಲ್ಲ. ಹಲ್ಲುಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಇದಕ್ಕೆ 'ಇ-ಸಿವಿಟಿ' ಎಂದು ಹೆಸರಿಟ್ಟದ್ದು ನನ್ನ ಮಟ್ಟಿಗೆ ತಪ್ಪು ದಾರಿಗೆಳೆಯುವ ಹೆಸರು. ಸಿವಿಟಿ ಎಂದರೆ ಹಂತಗಳಿಲ್ಲದೆ ಅನುಪಾತ ಬದಲಿಸುವ ಗೇರ್‌ಬಾಕ್ಸ್. ಸಾಮಾನ್ಯ ಸಿವಿಟಿಯ ಬೆಲ್ಟಾಗಲಿ, ಹಿಗ್ಗಿ ಕುಗ್ಗುವ ಪುಲ್ಲಿಯಾಗಲಿ ಇದರಲ್ಲಿ ಇಲ್ಲವೇ ಇಲ್ಲ.

ಮೊದಲ ಮೂರು ತಲೆಮಾರಿನ ಪ್ರಿಯಸ್‌ನಲ್ಲಿ ಸನ್ ಗೇರಿಗೆ 30 ಹಲ್ಲು, ಪ್ಲಾನೆಟ್‌ಗಳಿಗೆ 23, ರಿಂಗ್‌ಗೆ 78. ರಿಂಗ್ ಭಾಗಿಸು ಸನ್, ಅಂದರೆ 2.6. ಈ ಒಂದು ಸಂಖ್ಯೆ ಗೊತ್ತಿದ್ದರೆ ಲೆಕ್ಕವೆಲ್ಲ ಕೈಗೆ ಬರುತ್ತದೆ:

ಎಂಜಿ1ರ ವೇಗ = 3.6 × ಎಂಜಿನ್ ವೇಗ − 2.6 × ರಿಂಗ್ ವೇಗ

ರಿಂಗ್ ವೇಗ ಎಂದರೆ ಕಾರಿನ ವೇಗವೇ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ರಿಂಗ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಕಾರು ಗಂಟೆಗೆ ಸುಮಾರು 56 ಕಿಲೋಮೀಟರ್ ಹೋಗುತ್ತಿರುತ್ತದೆ. ಆಗ ಎಂಜಿನ್ ನಿಂತಿದ್ದರೆ ಎಂಜಿ1 ಹಿಮ್ಮುಖವಾಗಿ 5,200 ಸುತ್ತಿನಲ್ಲಿ ಸುಮ್ಮನೆ ತಿರುಗುತ್ತಿರುತ್ತದೆ. ಪ್ಲಾನೆಟ್‌ಗಳು ತಮ್ಮ ಜಾಗದಲ್ಲೇ ಗಿರಗಿರ ಸುತ್ತುತ್ತವೆ, ಕ್ಯಾರಿಯರ್ ಅಲುಗುವುದಿಲ್ಲ. ಬರೀ ಮೋಟಾರ್ ಮೇಲೆ ಓಡುವುದೆಂದರೆ ಇದು. ಎಂಜಿನ್ನನ್ನು ಯಾರೂ ಚಕ್ರದಿಂದ ಬಿಚ್ಚಿಟ್ಟಿಲ್ಲ. ಎಂಜಿ1 ಅದರ ಪಾಲಿನ ಓಟವನ್ನು ತಾನು ಓಡುತ್ತಿದೆ, ಅಷ್ಟೆ.

ಈಗ ಎಂಜಿನ್ ಬೇಕಾಯಿತು ಎನ್ನಿ. ಅದನ್ನು 1,000 ಸುತ್ತಿಗೆ ತರಬೇಕು. ಸಮೀಕರಣಕ್ಕೆ ಹಾಕಿದರೆ ಎಂಜಿ1 ಮೈನಸ್ 1,600ಕ್ಕೆ ಬರಬೇಕು. ಅಂದರೆ ಎಂಜಿನ್ ಸ್ಟಾರ್ಟ್ ಮಾಡಲು ಎಂಜಿ1 ವೇಗ ಹೆಚ್ಚಿಸಿಕೊಳ್ಳುವುದಿಲ್ಲ, 5,200ರಿಂದ 1,600ಕ್ಕೆ ನಿಧಾನವಾಗುತ್ತದೆ. ಬ್ರೇಕ್ ಹಾಕಿಸಿಕೊಳ್ಳುತ್ತಿರುವ ಮೋಟಾರ್ ಜನರೇಟರ್ ಆಗಿರುತ್ತದೆ, ಆದ್ದರಿಂದ ಓಡುತ್ತಿರುವಾಗ ಎಂಜಿನ್ ಎಬ್ಬಿಸುವ ಹೊತ್ತಿನಲ್ಲೂ ಎಂಜಿ1 ವಿದ್ಯುತ್ ಹುಟ್ಟಿಸುತ್ತದೆ. ಕಾರು ನಿಂತಿದ್ದಾಗ ಹಾಗಲ್ಲ, ಸೊನ್ನೆಯಿಂದ 3,600ರವರೆಗೆ ಓಡಿ ಎಂಜಿನ್ನನ್ನು ಎತ್ತಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಈ ಗೇರಿನಲ್ಲಿ ಬಲದ ಹಂಚಿಕೆ ಯಾವಾಗಲೂ ಒಂದೇ: ಎಂಜಿನ್ 100 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ 72 ರಿಂಗ್‌ಗೆ, 28 ಸನ್‌ಗೆ. ಎಂಜಿನ್ನನ್ನು ಎಬ್ಬಿಸುವಾಗ ಇದೇ ಲೆಕ್ಕ ತಿರುಗುಮುರುಗು. ಎಂಜಿನ್ ತಿರುಗಿಸಲು ಬೇಕಾದ ಬಲದಲ್ಲಿ 28 ಪಾಲು ಎಂಜಿ1 ಕೊಟ್ಟರೆ, 72 ಪಾಲನ್ನು ರಿಂಗ್ ಕೊಡಬೇಕು. ರಿಂಗ್ ಎಂದರೆ ಚಕ್ರ. ಸುಮ್ಮನೆ ಬಿಟ್ಟರೆ ಕಾರು ಒಂದು ಕ್ಷಣ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಹಾಗಾಗದಂತೆ ಅದೇ ಗಳಿಗೆಯಲ್ಲಿ ಎಂಜಿ2 ಅಷ್ಟೇ ಬಲವನ್ನು ಹೆಚ್ಚಾಗಿ ಹಾಕಿ ತುಂಬಿಕೊಡುತ್ತದೆ. ಎಂಜಿನ್ ಎದ್ದದ್ದೇ ಗೊತ್ತಾಗಲಿಲ್ಲ ಎಂದು ಜನ ಮೆಚ್ಚುವುದು ನಿಜವಾಗಿ ಎಂಜಿ2ರ ಈ ತುಂಬಿಕೊಡುವ ಕೆಲಸವನ್ನು.

ಸಾಮಾನ್ಯ ಸ್ಟಾರ್ಟರ್ ಎಂಜಿನ್ನನ್ನು 200ರಿಂದ 250 ಸುತ್ತಿನವರೆಗೆ ತಿರುಗಿಸಿ, ಉಳಿದದ್ದನ್ನು ಪೆಟ್ರೋಲಿಗೆ ಬಿಡುತ್ತದೆ. ಅಲ್ಲೇ ನಡುಕ ಹುಟ್ಟುವುದು. ಹೈಬ್ರಿಡ್‌ನಲ್ಲಿ ಎಂಜಿನ್ 1,000ದ ಆಸುಪಾಸಿಗೆ ಬರುವ ತನಕ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಎಂಜಿನ್ನಿನ ನಡುಕ ಹೀರುವ ಡ್ಯಾಂಪರ್ ಸ್ಪ್ರಿಂಗುಗಳು ಅನುರಣಿಸುವ ಕೆಳ ವೇಗದ ಪಟ್ಟಿಯನ್ನು ಎಂಜಿ1 ಸರ್ರನೆ ದಾಟಿಸಿಬಿಡುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವ ಅಟ್ಕಿನ್ಸನ್ ಎಂಜಿನ್ ಆದ್ದರಿಂದ ಸ್ಟಾರ್ಟ್ ಆಗುವಾಗ ಒತ್ತಡವೂ ಕಡಿಮೆ. ಮೊದಲ ಕಿಡಿ ಬೇಕೆಂದೇ ತಡವಾಗಿ ಬರುತ್ತದೆ, ಒಮ್ಮೆಲೇ ಒದೆಯದಿರಲಿ ಎಂದು. ನಿಲ್ಲಿಸುವಾಗಲೂ ಅಷ್ಟೇ ಜೋಪಾನ: ಪೆಟ್ರೋಲ್ ಕಟ್ ಆದ ಮೇಲೆ ಎಂಜಿನ್ ತಾನಾಗಿ ನಿಲ್ಲಲಿ ಎಂದು ಕಾಯದೆ ಎಂಜಿ1 ಅದನ್ನು ಹಿಡಿದು ನಿಲ್ಲಿಸುತ್ತದೆ.

ಎಂಜಿನ್ ಎದ್ದ ಮೇಲಿನ ಲೆಕ್ಕ ಇನ್ನೂ ಸೊಗಸು. ಕಾರು ನಿಧಾನಕ್ಕೆ, ಗಂಟೆಗೆ 14 ಕಿಲೋಮೀಟರ್ ಸುಮಾರಿಗೆ ಹೋಗುತ್ತಿದೆ, ರಿಂಗ್ 500 ಸುತ್ತು. ಎಂಜಿನ್ 2,000 ಸುತ್ತಿನಲ್ಲಿ 100 ನ್ಯೂಟನ್ ಮೀಟರ್ ಕೊಡುತ್ತಿದೆ ಎಂದುಕೊಳ್ಳಿ. ಎಂಜಿನ್ ಶಕ್ತಿ ಸುಮಾರು 21 ಕಿಲೋವ್ಯಾಟ್. ಇದರಲ್ಲಿ ಗೇರಿನ ಮೂಲಕ ನೇರವಾಗಿ ಚಕ್ರಕ್ಕೆ ಹೋಗುವುದು 4 ಕಿಲೋವ್ಯಾಟ್‌ಗಿಂತ ತುಸು ಕಡಿಮೆ. ಉಳಿದ 17 ಕಿಲೋವ್ಯಾಟ್ 5,900 ಸುತ್ತಿನಲ್ಲಿ ತಿರುಗುತ್ತಿರುವ ಎಂಜಿ1ರಲ್ಲಿ ವಿದ್ಯುತ್ತಾಗಿ, ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್ ದಾಟಿ, ಎಂಜಿ2ರ ಮೂಲಕ ಚಕ್ರ ಸೇರುತ್ತದೆ. ಎಂಜಿನ್ ಜೋರಾಗಿ ಉರಿಯುತ್ತಿದೆ, ಆದರೆ ಕಾರನ್ನು ಎಳೆಯುತ್ತಿರುವುದು ಬಹುಪಾಲು ಮೋಟಾರ್. ಇದನ್ನು 'ಎಂಜಿನ್ ಮೋಡ್' ಎನ್ನುತ್ತೀರೋ 'ಮೋಟಾರ್ ಮೋಡ್' ಎನ್ನುತ್ತೀರೋ?

ಅದೇ ಕಾರು 84 ಕಿಲೋಮೀಟರ್ ವೇಗಕ್ಕೆ ಬಂದಾಗ ರಿಂಗ್ 3,000 ಸುತ್ತು. ಎಂಜಿನ್ 2,200ರಲ್ಲಿದ್ದರೆ ಎಂಜಿ1 ಬರೀ 120 ಸುತ್ತು, ನಿಂತಂತೆಯೇ. ಈಗ ಬಲವೆಲ್ಲ ಗೇರಿನ ಹಲ್ಲುಗಳ ಮೂಲಕವೇ ಹೋಗುತ್ತದೆ. ಈ ಎರಡು ಸ್ಥಿತಿಗಳ ನಡುವೆ ಯಾವ ಗೆರೆಯೂ ಇಲ್ಲ. ಒಂದು ಕರಗಿ ಇನ್ನೊಂದಾಗುತ್ತದೆ.

ಹಳೆಯ ಮಾದರಿಗಳಲ್ಲಿ ಒಂದು ವೇಗ ದಾಟಿದರೆ ಎಂಜಿನ್ ತಿರುಗಲೇಬೇಕಿತ್ತು. ಎರಡನೇ ತಲೆಮಾರಿನಲ್ಲಿ ಅದು ಗಂಟೆಗೆ 67–68 ಕಿಲೋಮೀಟರ್. ಕಾರಣ ಮೇಲಿನ ಸಮೀಕರಣದಲ್ಲೇ ಇದೆ: ಎಂಜಿನ್ ಸೊನ್ನೆಯಲ್ಲಿದ್ದರೆ ಕಾರಿನ ವೇಗದ ಜೊತೆ ಎಂಜಿ1ರ ಹಿಮ್ಮುಖ ವೇಗವೂ ಏರುತ್ತ ಹೋಗಿ ಮಿತಿ ಮುಟ್ಟುತ್ತದೆ. ಆ ವೇಗದ ಮೇಲೆ ಕಾಲು ತೆಗೆದರೆ ಎಂಜಿನ್ ನಿಲ್ಲದು, ಪೆಟ್ರೋಲ್ ಮಾತ್ರ ನಿಲ್ಲುತ್ತದೆ. ತಿರುಗುತ್ತಿದೆ, ಉರಿಯುತ್ತಿಲ್ಲ.

ಬೇರೆ ದಾರಿಗಳೂ ಇವೆ. ಹೋಂಡಾದ ಇ:ಎಚ್‌ಇವಿಯಲ್ಲೂ ಎರಡು ಮೋಟಾರ್, ಆದರೆ ಪ್ಲಾನೆಟರಿ ಹಂಚಿಕೆ ಇಲ್ಲ. ಊರೊಳಗಿನ ವೇಗದಲ್ಲಿ ಎಂಜಿನ್ ಕೇವಲ ಜನರೇಟರ್ ತಿರುಗಿಸುತ್ತದೆ, ಚಕ್ರ ಎಳೆಯುವುದು ಇನ್ನೊಂದು ಮೋಟಾರ್. ಹೆದ್ದಾರಿಯಲ್ಲಿ ಸಮವೇಗಕ್ಕೆ ಬಂದಾಗ ಒಂದು ಕ್ಲಚ್ ಕಚ್ಚಿಕೊಂಡು ಎಂಜಿನ್ನನ್ನು ಟಾಪ್ ಗೇರಿನಂಥ ಒಂದೇ ಅನುಪಾತದಲ್ಲಿ ಚಕ್ರಕ್ಕೆ ಜೋಡಿಸುತ್ತದೆ. ಜೋರಾಗಿ ಒತ್ತಿದರೆ ಆ ಕ್ಲಚ್ ಬಿಟ್ಟುಕೊಳ್ಳುತ್ತದೆ. ನಿಸ್ಸಾನ್ 2016ರಲ್ಲಿ ನೋಟ್ ಕಾರಿನೊಂದಿಗೆ ತಂದ ಇ-ಪವರ್‌ನಲ್ಲಿ ಎಂಜಿನ್ ಎಂದೂ ಚಕ್ರವನ್ನು ಮುಟ್ಟುವುದೇ ಇಲ್ಲ.

ಹ್ಯುಂಡೈ, ಕಿಯಾದ ಬಹುಪಾಲು ಹೈಬ್ರಿಡ್‌ಗಳದ್ದು ಮತ್ತೊಂದು ಬಗೆ. ಎಂಜಿನ್, ಅದರ ಮುಂದೆ ಒಂದು ಕ್ಲಚ್, ಆಮೇಲೆ ಮೋಟಾರ್, ಆಮೇಲೆ ಮಾಮೂಲಿ 6 ಗೇರಿನ ಗೇರ್‌ಬಾಕ್ಸ್. ಇಲ್ಲಿ ನಿಜಕ್ಕೂ ಜೋಡಿಸುವ, ಬಿಡಿಸುವ ಕೆಲಸ ಇದೆ. ಕ್ಲಚ್ ತೆರೆದಿದ್ದರೆ ಮೋಟಾರ್ ಮಾತ್ರ ಎಳೆಯುತ್ತದೆ. ಎಂಜಿನ್ ಬೇಕಾದಾಗ ಬೆಲ್ಟಿನಲ್ಲಿ ಕೂತಿರುವ ಸ್ಟಾರ್ಟರ್-ಜನರೇಟರ್ ಅದನ್ನು ಎಬ್ಬಿಸಿ, ಮೋಟಾರಿನ ವೇಗಕ್ಕೆ ಸರಿಯಾಗಿ ತಂದು ನಿಲ್ಲಿಸುತ್ತದೆ. ವೇಗಗಳು ಸಮವಾದ ಮೇಲೆ ಕ್ಲಚ್ ಮುಚ್ಚುತ್ತದೆ. ಹಾಗೆ ಬೇರೆ ಸ್ಟಾರ್ಟರ್ ಇಲ್ಲದ ವಿನ್ಯಾಸಗಳಲ್ಲಿ ಕ್ಲಚ್ಚನ್ನು ಅರ್ಧ ಜಾರಿಸಿ, ಓಡುತ್ತಿರುವ ಮೋಟಾರಿನ ಬಲದಿಂದಲೇ ಎಂಜಿನ್ನನ್ನು ಎಳೆದೆಬ್ಬಿಸಬೇಕು. ಅದಕ್ಕೆಂದು ಮೋಟಾರಿನ ಬಲದಲ್ಲಿ ಒಂದು ಪಾಲನ್ನು ಸದಾ ಕಾದಿರಿಸಬೇಕಾಗುತ್ತದೆ. ಈ ಜಾತಿಯ ಕಾರುಗಳಲ್ಲಿ ಎಂಜಿನ್ ಸೇರಿಕೊಳ್ಳುವಾಗ ಸಣ್ಣ ತಳ್ಳು ಕಂಡರೆ ನೋಡಬೇಕಾದ ಮೊದಲ ಜಾಗ ಈ ಕ್ಲಚ್ ಮತ್ತು ಅದರ ಹೈಡ್ರಾಲಿಕ್ ಆಕ್ಚುವೇಟರ್. ಆಕ್ಚುವೇಟರ್ ಬದಲಿಸಿದರೆ, ದ್ರವದಲ್ಲಿ ಗಾಳಿ ಸೇರಿದ್ದನ್ನು ತೆಗೆದರೆ, ಕ್ಲಚ್ ಎಲ್ಲಿ ಕಚ್ಚುತ್ತದೆ ಎಂಬುದನ್ನು ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಅದನ್ನು ಮರೆತರೆ ಹೊಸ ಭಾಗ ಹಾಕಿದರೂ ತಳ್ಳು ಹೋಗದು.

ಮೈಲ್ಡ್ ಹೈಬ್ರಿಡ್ ಎಂದು ಮಾರುವ 12 ಮತ್ತು 48 ವೋಲ್ಟ್ ಕಾರುಗಳಲ್ಲಿ ಬಹುಪಾಲು ಬೆಲ್ಟಿನ ಸಣ್ಣ ಮೋಟಾರ್ ಎಂಜಿನ್ನಿಗೆ ಕೈಜೋಡಿಸುತ್ತದೆ, ಅಷ್ಟೆ. ಎಂಜಿನ್ ಬಿಟ್ಟು ಅವು ಓಡಲಾರವು.

ಎಂಜಿನ್ ಯಾಕೆ ಎದ್ದಿತು?

ಬಹಳ ಜನ ಮೊದಲು ನೋಡುವುದು ಬ್ಯಾಟರಿಯ ಕಡ್ಡಿಗಳನ್ನು. ತುಂಬಿದೆಯಲ್ಲ, ಮತ್ತೇಕೆ ಎಂಜಿನ್? ಬ್ಯಾಟರಿಯಲ್ಲಿ ಎಷ್ಟಿದೆ ಎನ್ನುವುದು ಒಂದು ಮಾತು, ಅದು ಒಮ್ಮೆಲೇ ಎಷ್ಟು ಕೊಡಬಲ್ಲದು ಎನ್ನುವುದು ಇನ್ನೊಂದು. ಎರಡನೇ ತಲೆಮಾರಿನ ಪ್ರಿಯಸ್‌ನ ಎಂಜಿ2 50 ಕಿಲೋವ್ಯಾಟ್‌ನದು, ಆದರೆ 201.6 ವೋಲ್ಟಿನ ಅದರ ಬ್ಯಾಟರಿ ಕೊಡುವುದು ಹೆಚ್ಚೆಂದರೆ ಅದರ ಅರ್ಧ. ಆಕ್ಸಿಲರೇಟರ್ ಅದಕ್ಕಿಂತ ಹೆಚ್ಚು ಕೇಳಿದರೆ ಉಳಿದದ್ದು ಎಂಜಿನ್ನಿಂದಲೇ ಬರಬೇಕು. 'ಇವಿ' ಗುಂಡಿ ಒತ್ತಿದ್ದರೂ ಇದೇ ನಿಯಮ.

ಇನ್ನು ಕಡ್ಡಿಗಳ ವಿಷಯ: ಅವು ತೋರಿಸುವ ತುಂಬಿದ ಸ್ಥಿತಿ ನಿಜವಾದ ನೂರು ಅಲ್ಲ. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯನ್ನು ಸುಮಾರು 40ರಿಂದ 80 ಶೇಕಡಾ ನಡುವೆಯೇ ಆಡಿಸುತ್ತಾರೆ. ವರ್ಷಗಟ್ಟಲೆ ಬಾಳುವುದಕ್ಕೆ ಇದೇ ಮುಖ್ಯ ಕಾರಣ.

ತಣ್ಣಗಿನ ಸ್ಟಾರ್ಟ್ ಬೇರೆಯದೇ ಕಥೆ. ಮೊದಲ ಒಂದು ನಿಮಿಷದ ಸುಮಾರಿಗೆ ಎಂಜಿನ್ ಉರಿಯುವುದು ಕಾರಿಗಾಗಿ ಅಲ್ಲ, ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗಾಗಿ. ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟದೆ ಹೊಗೆ ಶುದ್ಧಮಾಡದು. ಅದಕ್ಕಾಗಿ ಕಿಡಿಯನ್ನು ತಡಮಾಡಿ, ಬಿಸಿಯನ್ನು ಬೇಕೆಂದೇ ಹೊಗೆಗೆ ಬಿಡುತ್ತಾರೆ. ಆ ಹೊತ್ತು ಕಾರನ್ನು ಎಳೆಯುವುದು ಹೆಚ್ಚಾಗಿ ಬ್ಯಾಟರಿ. ಆದ್ದರಿಂದ ನಿಂತಲ್ಲೇ ಎಂಜಿನ್ ಬಿಸಿಮಾಡುತ್ತ ಕಾಯಬೇಡಿ. ಹೊರಡಿ, ಆದರೆ ಮೊದಲ ನಿಮಿಷ ಕಾಲು ಹಗುರವಾಗಿರಲಿ. ಜೋರಾಗಿ ಒತ್ತಿದರೆ ಈ ಬಿಸಿಮಾಡುವ ಹಂತ ಅಲ್ಲಿಗೇ ಮುರಿದು, ತಣ್ಣಗಿನ ಎಂಜಿನ್ ಮೇಲೆ ಭಾರ ಬೀಳುತ್ತದೆ.

ಕ್ಯಾಬಿನ್ ಹೀಟರ್ ಬಿಸಿ ತರುವುದು ಎಂಜಿನ್ನನ್ನು ತಂಪಿಡುವ ದ್ರವದಿಂದ, ಅಂದರೆ ಕೂಲಂಟ್‌ನಿಂದ. ಹೀಟರ್ ಹೆಚ್ಚಿಟ್ಟರೆ ಸಿಗ್ನಲ್‌ನಲ್ಲಿ ನಿಂತರೂ ಎಂಜಿನ್ ಆರದು. ಎಸಿ ಹಾಗಲ್ಲ, ಬರೀ ಮೋಟಾರ್ ಮೇಲೂ ಓಡಬಲ್ಲ ಫುಲ್ ಹೈಬ್ರಿಡ್‌ಗಳಲ್ಲಿ ಕಂಪ್ರೆಸರ್ ಬ್ಯಾಟರಿಯ ವಿದ್ಯುತ್ತಿನಲ್ಲಿ ಓಡುತ್ತದೆ. ಬ್ಯಾಟರಿ ಇಳಿದಾಗ ತುಂಬಲು ಮಾತ್ರ ಎಂಜಿನ್ ಏಳುತ್ತದೆ. ಹೀಟರ್ ಬಂದ್ ಮಾಡಿದರೂ, ಅರ್ಧ ಗಂಟೆ ಓಡಿದರೂ ನಿಂತಲ್ಲಿ ಎಂಜಿನ್ ಆರುತ್ತಿಲ್ಲವೆಂದರೆ ಕೂಲಂಟ್‌ನ ದಾರಿ ತೆರೆದು ಮುಚ್ಚುವ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿದೆಯೇ ನೋಡಿಸಿ. ಕೂಲಂಟ್ ಬಿಸಿಯಾಗದ ಹೊರತು ಕಂಪ್ಯೂಟರ್ ಎಂಜಿನ್ನನ್ನು ಮಲಗಿಸದು. ಅಗ್ಗದ ಭಾಗ, ಆದರೆ ಬ್ಯಾಟರಿಯ ಮೇಲೆ ಅನುಮಾನ ಬರಿಸುತ್ತದೆ.

ಉದ್ದದ ಇಳಿಜಾರಿನಲ್ಲಿ ಕಾಲು ತೆಗೆದು ಇಳಿಯುತ್ತಿರುವಾಗ ಒಮ್ಮೆಲೇ ಎಂಜಿನ್ ಜೋರಾಗಿ ಕೂಗಿದರೆ ಗಾಬರಿ ಬೇಡ. ಬ್ಯಾಟರಿ ತನ್ನ ಮೇಲಿನ ಗಡಿ ಮುಟ್ಟಿದೆ, ಬ್ರೇಕಿನಿಂದ ಬರುವ ವಿದ್ಯುತ್ತಿಗೆ ಜಾಗವಿಲ್ಲ. ಅದನ್ನು ಕರಗಿಸಲು ಎಂಜಿ1 ಎಂಜಿನ್ನನ್ನು ಪೆಟ್ರೋಲ್ ಇಲ್ಲದೆ ಗಿರಕಿ ಹೊಡೆಸುತ್ತಿದೆ. ಗೇರ್ ಕಡ್ಡಿಯ 'ಬಿ' (ಎಂಜಿನ್ ಬ್ರೇಕ್) ಸ್ಥಾನವೂ ಮಾಡುವುದು ಇದನ್ನೇ. ಹಾಗಾಗಿ ಸಮನಾದ ರಸ್ತೆಯಲ್ಲಿ 'ಬಿ' ಹಾಕಿ ಓಡಿಸಿದರೆ ಹೆಚ್ಚು ಚಾರ್ಜ್ ಆಗುತ್ತದೆ ಎಂಬ ನಂಬಿಕೆ ತಪ್ಪು. ಬ್ಯಾಟರಿಗೆ ಹೋಗಬಹುದಾಗಿದ್ದ ಶಕ್ತಿಯಲ್ಲಿ ಒಂದು ಪಾಲು ಎಂಜಿನ್ನಿನ ಘರ್ಷಣೆಗೆ ಹೋಗುತ್ತದೆ.

ಓಡಿಸುವ ಕಾಲಿಗೆ ಕೆಲವು ಮಾತು

ಎಂಜಿನ್ನನ್ನು ಮಲಗಿಸಬೇಕೆಂದರೆ ಕಾಲನ್ನು ಅರ್ಧಂಬರ್ಧ ಸಡಿಲಿಸಿ ಕಾಯಬೇಡಿ. ಒಮ್ಮೆ ಪೂರ್ತಿ ತೆಗೆಯಿರಿ, ಎಂಜಿನ್ ಆರಿದ ಮೇಲೆ ಮೆಲ್ಲಗೆ ಒತ್ತಿ.

ಆದರೆ ಹಸಿರು ದೀಪದ ಬೆನ್ನು ಹತ್ತುವುದರಲ್ಲಿ ಲಾಭವಿಲ್ಲ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಪ್ಲಗ್ ಇಲ್ಲದ ಹೈಬ್ರಿಡ್‌ಗೆ ಬರುವ ಶಕ್ತಿಯೆಲ್ಲ ಕೊನೆಗೆ ಪೆಟ್ರೋಲಿನದೇ. ಎಂಜಿನ್ನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಕ್ರಕ್ಕೆ ಹೋಗುವಾಗ ಜನರೇಟರ್ ಕಡೆ 90, ಬ್ಯಾಟರಿಗೆ ತುಂಬುವಾಗ 95, ತೆಗೆಯುವಾಗ 95, ಮೋಟಾರ್ ಕಡೆ 90 ಶೇಕಡಾ ಉಳಿಯುತ್ತದೆ ಎಂದಿಟ್ಟುಕೊಂಡರೂ ಚಕ್ರ ಸೇರುವುದು 73 ಮಾತ್ರ. ಎಂಜಿನ್ ಹಗುರ ಭಾರದಲ್ಲಿ ತೆವಳುವಾಗ ಅದರ ದಕ್ಷತೆ ತುಂಬ ಕುಸಿಯುತ್ತದೆ, ಆಗ ಅದನ್ನು ಮಲಗಿಸಿ ಬ್ಯಾಟರಿ ಬಳಸುವುದು ಲಾಭ. ಭಾರ ಸರಿಯಾಗಿದ್ದಾಗ 40 ಶೇಕಡಾ ಹತ್ತಿರ ಹೋಗುವ ಎಂಜಿನ್ನನ್ನು ತಡೆದು ಬ್ಯಾಟರಿ ಖಾಲಿ ಮಾಡಿದರೆ ನಷ್ಟ. ನಿಂತಲ್ಲಿಂದ ಹೊರಡುವಾಗ ಎಂಜಿನ್ ಏಳದಿರಲಿ ಎಂದು ತೀರಾ ನಿಧಾನಕ್ಕೆ ಸಾಗುವ ಬದಲು, ಸಾಧಾರಣ ಒತ್ತಿನಲ್ಲಿ ಬೇಗ ವೇಗ ಮುಟ್ಟಿ, ಆಮೇಲೆ ಕಾಲು ಬಿಟ್ಟು ಜಾರಿಸಿಕೊಂಡು ಹೋಗುವುದೇ ಮೇಲು.

ಕಾರು ನಿಲ್ಲಿಸಿಕೊಂಡು ಕಾಯುವಾಗ ನ್ಯೂಟ್ರಲ್ ಬೇಡ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ತುಂಬುವುದಿಲ್ಲ. ಎಸಿ ಹಾಕಿಕೊಂಡು ಕೂತರೆ ಇಳಿಯುತ್ತಲೇ ಹೋಗುತ್ತದೆ. 'ಪಿ'ಯಲ್ಲಿಡಿ.

ರಿವರ್ಸ್‌ನಲ್ಲಿ ಕಡಿದಾದ ಏರು ಹತ್ತಬೇಕಾದರೆ ನೆನಪಿಡಿ: ಪ್ಲಾನೆಟರಿ ವ್ಯವಸ್ಥೆಯಲ್ಲಿ ಹಿಂದಕ್ಕೆ ಎಳೆಯುವುದು ಎಂಜಿ2 ಒಂದೇ. ಎಂಜಿನ್ ಉರಿಯುತ್ತ ಭಾರ ಹೊತ್ತಿದ್ದರೆ ಅದರ 72 ಪಾಲು ರಿಂಗ್ ಗೇರನ್ನು ಮುಂದಕ್ಕೆ ತಳ್ಳುತ್ತದೆ. ಎಂಜಿನ್ ಸಹಾಯ ಮಾಡುವ ಬದಲು ಎದುರಾಗುತ್ತದೆ. ಬ್ಯಾಟರಿಯಲ್ಲಿ ಚಾರ್ಜ್ ಇದ್ದು ಎಂಜಿನ್ ಮಲಗಿದ್ದಾಗ ಹತ್ತುವುದು ಸುಲಭ.

ಕೆಡುವುದು ಎಲ್ಲಿ

ಎಂಜಿನ್ ಮೊದಲಿಗಿಂತ ಹೆಚ್ಚು ಏಳುತ್ತಿದೆ, ಮೈಲೇಜ್ ಇಳಿದಿದೆ ಎಂದರೆ ಮೊದಲು ಹಿಂದಿನ ಸೀಟಿನ ಬದಿಯಲ್ಲಿರುವ ಬ್ಯಾಟರಿ ಗಾಳಿದಾರಿಯ ಜಾಲರಿ ನೋಡಿ. ಧೂಳು, ಕೂದಲು, ಬಟ್ಟೆಯ ನೂಲು ಕಟ್ಟಿಕೊಂಡು ಫ್ಯಾನ್ ಉಸಿರಾಡದಂತಾಗಿರುತ್ತದೆ. ಬ್ಯಾಟರಿ ಬಿಸಿಯಾದರೆ ಕಂಪ್ಯೂಟರ್ ಕೊಡುಕೊಳ್ಳುವಿಕೆ ಎರಡನ್ನೂ ತಗ್ಗಿಸುತ್ತದೆ, ಆ ಕೊರತೆಯನ್ನು ಎಂಜಿನ್ ತುಂಬುತ್ತದೆ. ಜಾಲರಿಯ ಮೇಲೆ ಚೀಲ ಇಡುವುದೂ ಇದೇ ತೊಂದರೆ ತರುತ್ತದೆ. ಹೈಬ್ರಿಡ್ ಬ್ಯಾಟರಿ ಕೆಟ್ಟಿದೆ ಎನ್ನುವ ಪಿ0ಎ80 ಎಂಬ ಕೋಡ್ ಬಂದರೆ ಪೂರ್ತಿ ಬ್ಯಾಟರಿ ಬದಲಿಸುವ ಮುನ್ನ ಒಂದೊಂದು ಮಾಡ್ಯೂಲಿನ ವೋಲ್ಟೇಜನ್ನು ಭಾರ ಬಿದ್ದಾಗ ಅಳೆಸಿ. ಮಾಡ್ಯೂಲ್‌ಗಳನ್ನು ಜೋಡಿಸುವ ಬಸ್ ಬಾರ್‌ಗಳ ಮೇಲೆ ಹಸಿರು ಕಿಲುಬು ಕಟ್ಟಿದ್ದರೂ ಅಳತೆ ತಪ್ಪಾಗಿ ಬಂದು ಇದೇ ಕೋಡ್ ಕಾಣಿಸಿಕೊಳ್ಳಬಹುದು.

ಇನ್ವರ್ಟರಿಗೆ ಎಂಜಿನ್ನಿನದಲ್ಲದ ಬೇರೆಯೇ ಕೂಲಂಟ್ ಸುತ್ತು, ಬೇರೆಯೇ ವಿದ್ಯುತ್ ಪಂಪು ಇರುತ್ತದೆ. ಕಾರು ಹೊರಡಲು ಸಿದ್ಧವಾದ 'ರೆಡಿ' ಸ್ಥಿತಿಯಲ್ಲಿ ಇನ್ವರ್ಟರ್ ಕೂಲಂಟ್ ಡಬ್ಬಿಯಲ್ಲಿ ನೀರು ಕದಲುತ್ತಿರಬೇಕು. ಕದಲದಿದ್ದರೆ ಪಂಪು ನಿಂತಿದೆ ಅಥವಾ ಗಾಳಿ ಸಿಕ್ಕಿಕೊಂಡಿದೆ. ಸಣ್ಣ ಪಂಪನ್ನು ಅಲಕ್ಷಿಸಿದರೆ ದುಬಾರಿ ಇನ್ವರ್ಟರ್ ಕೈಕೊಡುತ್ತದೆ.

ಎಂಜಿನ್ ಏಳುವಾಗ ಮಾತ್ರ ಕಟಕಟ ಸದ್ದು, ಮೈ ನಡುಗುವಂಥ ಅದುರಾಟ ಬಂದರೆ ಮೂರು ಸಾಧ್ಯತೆ: ಡ್ಯಾಂಪರ್ ಸ್ಪ್ರಿಂಗ್ ಸವೆದಿರುವುದು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್‌ನ ಕೂಲರ್ ಮತ್ತು ವಾಲ್ವ್‌ನಲ್ಲಿ ಮಸಿ ಕಟ್ಟಿರುವುದು, ಹೆಡ್ ಗ್ಯಾಸ್ಕೆಟ್ ಸೋರಿ ರಾತ್ರಿಯೆಲ್ಲ ಸಿಲಿಂಡರಿಗೆ ಕೂಲಂಟ್ ಇಳಿದಿರುವುದು. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ಅದುರಿ, ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಮೂರನೆಯದೇ ಇರಬಹುದು. ಅದನ್ನು ಮುಂದೂಡಬೇಡಿ.

ಎಂಜಿನ್ ಅರ್ಧ ಹೊತ್ತು ಮಲಗಿರುತ್ತದೆ, ಆಯಿಲ್ ಇನ್ನಷ್ಟು ದಿನ ಬರಲಿ ಎಂಬ ಲೆಕ್ಕ ತಲೆಕೆಳಗು. ಚಿಕ್ಕ ಓಡಾಟಗಳಲ್ಲಿ ಆಯಿಲ್ ಪೂರ್ತಿ ಬಿಸಿಯಾಗದೆ ನೀರಿನಂಶ, ಪೆಟ್ರೋಲಿನಂಶ ಉಳಿದುಬಿಡುತ್ತದೆ. ಹೇಳಿದ ಸಮಯಕ್ಕೆ ಬದಲಿಸಿ, ಹೇಳಿದ ತೆಳುವಿನದನ್ನೇ ಹಾಕಿ. ದಿನಕ್ಕೆ ನೂರಾರು ಬಾರಿ ಏಳುವ ಎಂಜಿನ್ನಿಗೆ ಆಯಿಲ್ ಬೇಗ ತಲುಪಬೇಕು. ಬ್ರೇಕ್ ಪ್ಯಾಡ್‌ಗಳು ಹೆಚ್ಚು ಸವೆಯುವುದಿಲ್ಲ, ಆದರೆ ಬಳಕೆ ಕಡಿಮೆಯಾದ್ದರಿಂದ ಡಿಸ್ಕ್ ತುಕ್ಕು ಹಿಡಿದು, ಕ್ಯಾಲಿಪರ್ ಪಿನ್‌ಗಳು ಬಿಗಿಯುತ್ತವೆ. ಅವಕ್ಕೆ ವರ್ಷಕ್ಕೊಮ್ಮೆ ಗ್ರೀಸ್ ಬೇಕು.

'ರೆಡಿ' ದೀಪ ಹತ್ತದಿದ್ದರೆ ದೊಡ್ಡ ಬ್ಯಾಟರಿಯ ಮೇಲೆ ತಪ್ಪು ಹೊರಿಸುವ ಮುನ್ನ 12 ವೋಲ್ಟಿನ ಚಿಕ್ಕ ಬ್ಯಾಟರಿ ಅಳೆಯಿರಿ. ಎಂಜಿನ್ ತಿರುಗಿಸುವುದು ಅದರ ಕೆಲಸವಲ್ಲ. ಕಂಪ್ಯೂಟರ್‌ಗಳನ್ನು ಎಚ್ಚರಿಸಿ, ದೊಡ್ಡ ಬ್ಯಾಟರಿಯ ರಿಲೇಗಳನ್ನು ಮುಚ್ಚುವುದು ಅದು. ಪವರ್ ಗುಂಡಿ ಒತ್ತಿದಾಗ ಕೇಳುವ ಟಕ್ ಟಕ್ ಸದ್ದು ಆ ರಿಲೇಗಳದು: ಮೊದಲು ರೆಸಿಸ್ಟರ್ ಮೂಲಕ ಇನ್ವರ್ಟರಿನ ಕೆಪಾಸಿಟರ್ ತುಂಬಿ, ಆಮೇಲೆ ಮುಖ್ಯ ರಿಲೇ ಕೂರುತ್ತದೆ. ಚಿಕ್ಕ ಬ್ಯಾಟರಿ ಸೊರಗಿದ್ದರೆ ಈ ಸರಣಿಯೇ ಶುರುವಾಗದು.

ಪೆಟ್ರೋಲ್ ಮುಗಿದರೆ ಉಳಿದ ದೂರವನ್ನು ಬ್ಯಾಟರಿಯಲ್ಲಿ ಎಳೆದುಬಿಡೋಣ ಎಂದುಕೊಳ್ಳಬೇಡಿ. ಅದು ತನ್ನ ಕೆಳಗಿನ ಗಡಿ ದಾಟಿ ಇಳಿದರೆ, ಪೆಟ್ರೋಲ್ ತುಂಬಿಸಿದ ಮೇಲೂ ಎಂಜಿನ್ ಎಬ್ಬಿಸಲು ಎಂಜಿ1ಗೆ ಶಕ್ತಿ ಇರುವುದಿಲ್ಲ, ಬೇರೆ ಸ್ಟಾರ್ಟರೂ ಇಲ್ಲ. ಕೆಟ್ಟು ನಿಂತ ಕಾರನ್ನು ಎಳೆಸುವಾಗ ಓಡುಚಕ್ರಗಳು (ಮೋಟಾರಿಗೆ ಜೋಡಿಸಿದ ಚಕ್ರಗಳು) ನೆಲ ಮುಟ್ಟಬಾರದು. ಚಕ್ರ ತಿರುಗಿದರೆ ಎಂಜಿ2 ತಿರುಗುತ್ತದೆ, ತಿರುಗಿದರೆ ವೋಲ್ಟೇಜ್ ಹುಟ್ಟುತ್ತದೆ. ಓಡುಚಕ್ರಗಳನ್ನು ಎತ್ತಿ ಎಳೆಸಬೇಕು, ಇಲ್ಲವೇ ಕಾರನ್ನು ಪೂರ್ತಿ ಲಾರಿಯ ಮೇಲೇರಿಸಿ ಸಾಗಿಸಬೇಕು.

ಬಾನೆಟ್ ಎತ್ತಿ ಕೈ ಹಾಕುವವರಿಗೆ: ರೆಡಿ ದೀಪ ಹತ್ತಿದ್ದರೆ ಸದ್ದಿಲ್ಲದ ಎಂಜಿನ್ ಯಾವ ಗಳಿಗೆಯಲ್ಲಾದರೂ ಎದ್ದೀತು. ಆಯಿಲ್ ಕಡ್ಡಿ ಎಳೆಯುವುದಕ್ಕೂ ಮೊದಲು ಪವರ್ ಆಫ್ ಮಾಡಿ, ಕೀಯನ್ನು ಕಾರಿನಿಂದ ದೂರ ಇಡಿ. ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವ ಕೆಲಸ ತರಬೇತಿ ಆದವರದು. ಅವರೂ 12 ವೋಲ್ಟಿನ ನೆಗೆಟಿವ್ ಬಿಚ್ಚಿ, 1,000 ವೋಲ್ಟ್ ತಡೆಯುವ ಕೈಗವಸು ಹಾಕಿ, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಂಡು, ಕೆಪಾಸಿಟರ್ ಇಳಿಯಲು ಕನಿಷ್ಠ 10 ನಿಮಿಷ ಕಾದು, ಮೀಟರ್ ಸೊನ್ನೆ ತೋರಿಸಿದ ಮೇಲಷ್ಟೇ ಕೈ ಹಾಕುತ್ತಾರೆ.